ಮಾರಾಟಕ್ಕಿಲ್ಲದ ಹಾಲು

ಪರದೇಶದ ಟೌರಂಗಾ ಎಂಬ ಊರಿನ ಆಸ್ಪತ್ರೆಯಲ್ಲಿ ನಾನು ಎಕ್ಸ್‌ರೇ ತೆಗೆಯುವವಳು. ಕಿವಿಹಣ್ಣಿನ ತೋಟಗಳಲ್ಲಿ ಜಾರಿ ಬಿದ್ದವರ ಮೂಳೆ ನೋಡಿ ನೋಡಿ ಸಾಕಾಗಿ, ರಜೆ ಸಿಕ್ಕಾಗಲೆಲ್ಲ ಕ್ಯಾಮೆರಾ ಹೊತ್ತು ರಾಜಸ್ಥಾನದ ಮರುಭೂಮಿಗೆ ಹೋಗುತ್ತಿದ್ದೆ. ಒಂಟೆ ಹಿಂಡಿನೊಡನೆ ಅಲೆಯುವ ರೈಕಾ ಕುಲದ ಮುದುಕರೊಬ್ಬರ ಬೆನ್ನು ಹತ್ತಿದ್ದೆ. ಅವರನ್ನು ಕಾಕಾ ಎನ್ನುತ್ತಿದ್ದೆ. ಹುಬ್ಬಳ್ಳಿಯ ಅವ್ವನಿಗಿಂತ ಒಂಟೆಗಳೇ ಹೆಚ್ಚಾದವು ಎಂದು ಮನೆಯವರು ಆಡಿಕೊಂಡರು. ಆಡಿಕೊಳ್ಳಲಿ. ಮೇವಿನ ಜಾಗಕ್ಕೆಲ್ಲ ಬೇಲಿ ಬಿದ್ದು, ಆ ಬದುಕು ನನ್ನ ಕಣ್ಣೆದುರೇ ಮುಗಿಯುತ್ತಿತ್ತು.

ಕಾಕಾ ಒಂಟಿಕಾಲಲ್ಲಿ ನಿಂತು, ಮಡಿಸಿದ ಇನ್ನೊಂದು ಕಾಲಿನ ಮೇಲೆ ಪಾತ್ರೆ ಇಟ್ಟು ಹಾಲು ಕರೆಯುತ್ತಿದ್ದರು. ಆಚೆ ಬದಿಯಲ್ಲಿ ಮರಿ ಕುಡಿಯುತ್ತಿರುತ್ತಿತ್ತು. ದಾರಿಹೋಕರು ಯಾರೇ ಬರಲಿ, ಎಕ್ಕದ ಎಲೆ ಮಡಚಿ ಅದರಲ್ಲಿ ಹಾಲು ಸುರಿದು ಕೊಡುವರು. ಆದರೆ ಅವರ ಹಿರಿಯರ ಕಾಲದಿಂದಲೂ ಹಾಲು ಮಾರುವಂತಿರಲಿಲ್ಲ. ಕೊಳ್ಳಲು ಬಂದ ಗಾಡಿಯವನನ್ನು ಬೈದು ಅಟ್ಟಿದ್ದನ್ನು ನಾನೇ ನೋಡಿದ್ದೇನೆ.

"ಒಂದು ಪಾಲು ಮರೀದು, ಇನ್ನೊಂದು ಬಂದೋರದು," ಎಂದರು ಒಮ್ಮೆ, ನಮ್ಮಿಬ್ಬರಿಗೂ ಅಷ್ಟಕ್ಕಷ್ಟೇ ಬರುವ ಹಿಂದಿಯಲ್ಲಿ. "ಮಾರೋಕೆ ಅದರಲ್ಲಿ ನನ್ನದೇನಿದೆ?"

ಕಳೆದ ವರ್ಷ ಇಲ್ಲಿನ ಸಭಾಂಗಣವೊಂದರಲ್ಲಿ ಆ ಫೋಟೋಗಳ ಪ್ರದರ್ಶನ ಇಟ್ಟೆ. ಮಾರಿ ಬಂದದ್ದನ್ನು ಕಾಕಾನಿಗೇ ಕಳಿಸುವ ಯೋಚನೆಯಿತ್ತು. ಫೋನ್ ಮಾಡಿ ಕೇಳಿದೆ.

"ಎಲ್ಲ ಮಾರು ಮಗಳೇ. ನಾನು ಹಾಲು ಕರೆಯೋ ಫೋಟೋ ಮಾತ್ರ ಬೇಡ. ಅದರಲ್ಲಿ ಹಾಲಿದೆ."

ಹಣೆ ಚಚ್ಚಿಕೊಳ್ಳುವಂತಾಯಿತು. ಕಾಗದದ ಮೇಲಿನ ಹಾಲಪ್ಪಾ ಅದು! ಆದರೂ ಅವರು ಹೇಳಿದಂತೆಯೇ ಮಾಡಿದೆ. ಬಂದವರೆಲ್ಲ ಅದೊಂದನ್ನೇ ಕೇಳಿದರು. ಹುಟ್ಟಿದಾಗಿನಿಂದ ಹೈನಿನ ಹಸುಗಳ ನಡುವೆ ಬೆಳೆದ ಇಲ್ಲಿನ ಹೆಂಗಸೊಬ್ಬಳು ಅದರೆದುರು ನಿಂತು ಕಣ್ಣೊರೆಸಿಕೊಂಡಳು, ಬೇಕೇ ಬೇಕು ಎಂದಳು. ಆಗುವುದಿಲ್ಲ ಎಂದೆ.

"ಮಮ್ಮಿ, ಇಟ್ಸ್ ಜಸ್ಟ್ ಎ ಫೋಟೋ," ಎಂದಳು ಜೊತೆಗೆ ಬಂದಿದ್ದ ನನ್ನ ಮಗಳು.

"ನಿನಗ ತಿಳಿಯಂಗಿಲ್ಲ, ಸುಮ್ನಿರು," ಎಂದು ಗದರಿದೆ. ನನಗೆ ತಿಳಿದದ್ದಾದರೂ ಎಷ್ಟು!

ಈ ಸಲ ಯಾವಾಗ ಬರಲಿ ಎಂದು ಕೇಳಲು ಮತ್ತೆ ಫೋನ್ ಮಾಡಿದೆ. ಅಲೆದಾಟ ನಿಂತಿದೆ, ಉಳಿದ ಒಂಟೆಗಳು ಬೇಲಿಯೊಳಗಿವೆ ಎಂದರು. ಮೇವು ಕೊಂಡೇ ಹಾಕಬೇಕು. ದಿನಾ ಬೆಳಿಗ್ಗೆ ಗಾಡಿ ಬರುತ್ತದೆ, ಮಗ ಹಾಲು ಅಳೆದು ಕೊಡುತ್ತಾನೆ. ಯಾರದೋ ಮನೆಯ ಸುದ್ದಿ ಹೇಳುವವರ ಹಾಗೆ ಹೇಳಿದರು. "ಒಂಟೆ ಉಳೀಲಿ ಅಂತ ತಾನೇ ಮಾಡಿದ್ದು, ತಪ್ಪೇನಿದೆ ಕಾಕಾ?" ಎಂದೆ. ಆಡಿದ ಕೂಡಲೇ ಆ ಪೊಳ್ಳು ಸಮಾಧಾನಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

"ಆ ಫೋಟೋ ಇನ್ನೂ ಇದೆಯಾ?" ಎಂದು ಕೇಳಿದರು ಕಾಕಾ.

"ಇದೆ ಕಾಕಾ. ಯಾರಿಗೂ ಕೊಟ್ಟಿಲ್ಲ. ನೀವು ಬೇಡ ಅಂದಿದ್ರಲ್ಲ."

"ಈಗ ಮಾರಿಬಿಡು ಮಗಳೇ," ಎಂದರು. "ಇನ್ನೇನೂ ಅಡ್ಡಿಯಿಲ್ಲ."