ತಾರೆ ಮರದ ಕೆಳಗೆ ಮೂರನೆಯವಳು

ಮೇ ತಿಂಗಳು ಬಂತೆಂದರೆ ನನಗೆ ಫೋನು ಮುಟ್ಟಲು ಭಯ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಕ್ಕಿ ಹುಚ್ಚಿನವರೆಲ್ಲ ಸೇರಿ ಫೋನಿನಲ್ಲೊಂದು ಗುಂಪು ಮಾಡಿಕೊಂಡಿದ್ದೇವೆ. ಮಳೆಗಾಲಕ್ಕೆ ಮುಂಚಿನ ಕೊನೆಯ ವಾರಗಳಲ್ಲಿ ಕಾಡಿನ ಹೊಂಡಗಳು ಬತ್ತುತ್ತವೆ, ನೀರು ಉಳಿದ ಕಡೆ ಪ್ರಾಣಿ ಪಕ್ಷಿಗಳೆಲ್ಲ ಬಂದು ನಿಲ್ಲುತ್ತವೆ, ಹಾಗಾಗಿ ಬೆಳಗಾದರೆ ಸಾಕು, ಫೋಟೋಗಳ ಸುರಿಮಳೆ. ಸಿದ್ದಾಪುರದ ಡಾಕ್ಟರಿಗೆ ಮರಿ ಕಟ್ಟಿಕೊಂಡ ಸಿಂಗಳೀಕ. ನಂದೊಳ್ಳಿಯ ಕೃಷಿಕರೊಬ್ಬರಿಗೆ ಗದ್ದೆಯ ಅಂಚಿನಲ್ಲೇ ಕಾಡುಕೋಣಗಳ ಹಿಂಡು. ಕಿರವತ್ತಿಯಲ್ಲಿ ಧಾಬಾ ನಡೆಸುವವರಿಗೆ, ಪಾತ್ರೆ ತೊಳೆಯುವ ನಲ್ಲಿಯ ಕೆಳಗೆ ಸ್ನಾನ ಮಾಡುತ್ತಿರುವ ನವರಂಗ ಹಕ್ಕಿ. ನನಗೆ ಶಿರಸಿ ಬಸ್ ಸ್ಟ್ಯಾಂಡಿನ ಹಿಂದಿನ ಬಾಡಿಗೆ ಮನೆಯ ಮಹಡಿಯಿಂದ ಪಾರಿವಾಳ. ಎಲ್ಲರಿಗೂ ‘ಸೂಪರ್’ ಎಂದು ಬರೆದು, ಫೋನು ಮಗುಚಿಟ್ಟು, ದೋಸೆ ಕಾವಲಿಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತೇನೆ.

ಆದರೂ ಇದೆಲ್ಲ ಸಣ್ಣ ಹೊಟ್ಟೆಕಿಚ್ಚು, ಒಂದು ಲೋಟ ಮಜ್ಜಿಗೆಗೆ ತಣ್ಣಗಾಗುವಂಥದ್ದು. ತಣ್ಣಗಾಗದ್ದು ನನ್ನ ಗೆಳತಿಯ ವಿಷಯ.

ಗೆಳತಿ ಮತ್ತು ನಾನು ಶಿರಸಿಯ ಒಂದೇ ಶಾಲೆಯಲ್ಲಿ ಟೀಚರುಗಳಾಗಿದ್ದವರು. ಹಕ್ಕಿ ನೋಡುವುದನ್ನು ಶುರು ಮಾಡಿದ್ದೂ ಒಟ್ಟಿಗೇ. ಅವಳ ಸ್ಕೂಟರಿನಲ್ಲಿ ಅವಳು ಮುಂದೆ, ದುರ್ಬೀನು ಕುತ್ತಿಗೆಗೆ ಹಾಕಿಕೊಂಡು ನಾನು ಹಿಂದೆ. ಭಾನುವಾರ ಬೆಳಿಗ್ಗೆ ಇಬ್ಬರು ಹೆಂಗಸರು ಅಡುಗೆಮನೆ ಬಿಟ್ಟು ಕಾಡಿನ ಕಡೆ ಹೊರಟರೆ ಕೇಳುವವರು ಕೇಳುತ್ತಿದ್ದರು, ನಾವು ನಕ್ಕು ಸ್ಕೂಟರು ಹತ್ತುತ್ತಿದ್ದೆವು. ನಮ್ಮ ಗುಂಪಿನಲ್ಲಿ ಫೋಟೋ ಹಾಕುವುದಕ್ಕೊಂದು ಪದ್ಧತಿ ಇದೆ. ಏನು ಕಂಡಿತು, ಯಾವ ತಾಲೂಕು, ಯಾವ ಹೊತ್ತು ಎಂದು ಬರೆದು ಕೊನೆಯಲ್ಲಿ ‘ಜೊತೆಗೆ’ ಎಂದು ಹಾಕಿ ಜೊತೆಗಿದ್ದವರನ್ನು ಹೆಸರಿಸಬೇಕು. ಬಹಳ ವರ್ಷ ಅವಳ ಕೊನೆಯ ಸಾಲಿನಲ್ಲಿ ನಾನೇ ಇದ್ದೆ.

ಆಮೇಲೆ ಅವಳಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ದೂರ ಏನು ಮಹಾ, ತಿಂಗಳಿಗೊಮ್ಮೆ ಹೋಗಿಬರುತ್ತಿದ್ದೆ. ಅಷ್ಟರಲ್ಲಿ ಅಲ್ಲಿನ ಬ್ಯಾಂಕಿಗೆ ಹಾವೇರಿ ಕಡೆಯ ಒಬ್ಬ ಹುಡುಗಿ ಬಂದಳು. ಕಾಗೆ ಗುಬ್ಬಿ ಬಿಟ್ಟರೆ ಬೇರೆ ಹಕ್ಕಿಯ ಗುರುತಿಲ್ಲದವಳು ವರ್ಷ ಕಳೆಯುವುದರೊಳಗೆ ಮೊಳದುದ್ದದ ಲೆನ್ಸಿನ ಕ್ಯಾಮರಾ ತರಿಸಿಕೊಂಡಳು, ನನ್ನ ಗೆಳತಿಯ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂತಳು. ಗುಂಪಿನಲ್ಲಿ ನಾನು ಫೋಟೋ ನೋಡುವ ಮೊದಲೇ ಕೊನೆಯ ಸಾಲು ಓದತೊಡಗಿದೆ. ಪ್ರತಿ ಸಲವೂ ಆ ಬ್ಯಾಂಕಿನವಳೇ. ಮೈಯೆಲ್ಲ ಉರಿಯುತ್ತಿತ್ತು. ಗಂಡನಿಗೆ ಹೇಳಿದರೆ, ‘ನಿಂಗೆ ಹಕ್ಕಿ ಬೇಕ, ಅವಳು ಬೇಕ?’ ಎಂದು ನಕ್ಕ. ಅವತ್ತು ಅವನಿಗೆ ಉಪ್ಪಿಲ್ಲದ ಸಾರು ಬಡಿಸಿದೆ.

ಈ ಮೇ ಕೊನೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಅವಳು ಹಾಕಿದ ಫೋಟೋ ನೋಡಿ ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ದೊಡ್ಡ ಮಂಗಟ್ಟೆಯ ಗೂಡು. ಈ ಹಕ್ಕಿಯ ಹೆಣ್ಣು ಮರದ ಪೊಟರೆಯೊಳಗೆ ಸೇರಿ, ಅದರ ಬಾಯನ್ನು ಒಳಗಿನಿಂದ ಮೆತ್ತಿ ಮುಚ್ಚಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಬಿಟ್ಟು ಮೊಟ್ಟೆಯಿಡುತ್ತದೆ; ತಾಯಿ ಒಡೆದುಕೊಂಡು ಹೊರಬಂದ ಮೇಲೆ ಒಳಗಿನ ಮರಿ ಮತ್ತೆ ಮೆತ್ತಿಕೊಳ್ಳುತ್ತದೆ. ಫೋಟೋದಲ್ಲಿ ಆ ಸೀಳಿನಿಂದ ಬೆಳೆದ ಮರಿಯ ಕೊಕ್ಕು ಹೊರಗೆ ಕಾಣುತ್ತಿತ್ತು. ‘ತಾಯಿ ಆಗಲೇ ಹೊರಬಿದ್ದಾಗಿದೆ, ಇಂದೋ ನಾಳೆಯೋ ಮರಿಯೂ ಹಾರುತ್ತದೆ’ ಎಂದು ಬರೆದಿದ್ದಳು. ಗೂಡಿನ ಜಾಗ ಬರೆಯುವ ರೂಢಿ ನಮ್ಮಲ್ಲಿಲ್ಲ. ನನಗೆ ಬರೆದು ತಿಳಿಸುವ ಅಗತ್ಯವೂ ಇರಲಿಲ್ಲ. ಅರಬೈಲ್ ಘಟ್ಟದ ಕೆಳಗೆ, ಗಾಡಿದಾರಿಯ ಪಕ್ಕದ ಆ ತಾರೆ ಮರವನ್ನು ಹುಡುಕಿದವರೇ ನಾವಿಬ್ಬರು. ಮರಿ ಹೊರಬರುವುದನ್ನು ನೋಡಬೇಕೆಂದು ಎಷ್ಟು ಬೇಸಿಗೆ ಅಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಕೂತಿದ್ದೇವೆ! ಒಂದು ವರ್ಷವೂ ಆ ಗಳಿಗೆ ಸಿಕ್ಕಿರಲಿಲ್ಲ. ‘ಇದು ನಮ್ಮಿಬ್ಬರದೇ, ಯಾರಿಗೂ ತೋರಿಸಲಾಗ’ ಎಂದು ಆಣೆ ಹಾಕಿಸಿದವಳೂ ಅವಳೇ. ಈಗ, ಕೊನೆಯ ಸಾಲಿನ ಪ್ರಕಾರ, ಆ ಮರದ ಕೆಳಗೆ ಬ್ಯಾಂಕಿನವಳು.

ಗಂಡನಿಗೆ ತಿಂಡಿ ಮುಚ್ಚಿಟ್ಟು ಯಲ್ಲಾಪುರದ ಬಸ್ಸು ಹತ್ತಿದೆ. ಅಲ್ಲಿಂದ ಅಂಕೋಲೆಯ ಬಸ್ಸು ಹಿಡಿದು ಅರಬೈಲಿನಲ್ಲಿ ಇಳಿದು ನಡೆದೆ. ಇಬ್ಬರನ್ನೂ ಅಲ್ಲೇ ಹಿಡಿಯಬೇಕು, ಮುಖಕ್ಕೆ ಮುಖ ಕೊಟ್ಟು ಕೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಇಬ್ಬರೂ ಅಲ್ಲೇ ಇದ್ದರು. ಬ್ಯಾಂಕಿನವಳು ನನ್ನನ್ನು ಕಂಡಿದ್ದೇ ತಡ, ಎದ್ದು ನಿಂತಳು.

‘ಬರ್ರಿ ಮೇಡಂ, ಕೂಡ್ರಿ ಇಲ್ಲಿ. ಬಿಸಿಲಾಗ ಬಂದೀರಿ, ನೀರು ಕುಡೀರಿ.’

ಅವಳು ಬಿಟ್ಟುಕೊಟ್ಟದ್ದು ಮರದ ಬುಡದಲ್ಲಿ ನಾನು ಯಾವಾಗಲೂ ಕೂರುತ್ತಿದ್ದ ಬೇರು. ನನ್ನ ಜಾಗಕ್ಕೆ ನನ್ನನ್ನೇ ಉಪಚರಿಸಿ ಕೂರಿಸಿದಳು. ಡಬ್ಬಿ ತೆಗೆದು ಒಗ್ಗರಣೆ ಮಂಡಕ್ಕಿ ಕೊಟ್ಟಳು. ಕೆಟ್ಟವಳಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಮಂಡಕ್ಕಿಯೂ ರುಚಿಯಾಗಿತ್ತು, ಅದೂ ಒಂದು ಸಂಕಟ.

ಗೆಳತಿಗೆ ಕಿಂಚಿತ್ತೂ ಗಾಬರಿಯಿಲ್ಲ. ‘ಹೇಳ್ದೆ ಕೇಳ್ದೆ ಬಂದ್ಯಲೇ! ಫೋನ್ ಮಾಡಿದ್ರೆ ನಾನೇ ಬಸ್ ಸ್ಟ್ಯಾಂಡಿಗೆ ಬತ್ತಿದ್ದೆ’ ಎಂದಳು. ಬ್ಯಾಂಕಿನವಳು ಹಳ್ಳದ ಕಡೆಗೆ ಕೈ ತೊಳೆಯಲು ಹೋದಾಗ ನಾನು ಕೇಳಿಯೇಬಿಟ್ಟೆ.

‘ಇದು ನಮ್ಮಿಬ್ರ ಮರ ಅಲ್ದನೇ?’

‘ಮರ ಹೇಳಿರೆ ಎಂತ, ರೇಷ್ಮೆ ಸೀರೆಯನೇ, ಮಡಚಿ ಕಪಾಟಿನಲ್ಲಿ ಇಡ್ಲೆ?’ ಎಂದಳು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿ, ‘ನೀ ದೂರ ಇದ್ದೆ. ಒಬ್ಬಳೇ ಕೂತು ಕೂತು ಬೇಜಾರು ಬಂತೇ’ ಎಂದಳು.  ದೂರ ಹೋದವಳು ಅವಳು, ದೂರ ಇರುವವಳು ನಾನು!

ಸಂಜೆಯವರೆಗೂ ಮರಿ ಹೊರಬರಲಿಲ್ಲ. ಏಳುವ ಹೊತ್ತಿಗೆ ಗೆಳತಿ ಬ್ಯಾಂಕಿನವಳ ಕಡೆ ತೋರಿಸಿ, ‘ನಾಳೆ ಅದಕ್ಕೆ ಬ್ಯಾಂಕಿದ್ದು, ಬಪ್ಪಲೆ ಆಗ್ತಿಲ್ಲೆ. ನೀ ಉಳ್ಕಳೇ’ ಎಂದಳು. ಅವಳಿಲ್ಲದ ದಿನಕ್ಕೆ ನಾನು. ಇಷ್ಟು ವರ್ಷದ ಮೇಲೆ ನನ್ನ ಬೆಲೆ ಅಲ್ಲಿಗೆ ಬಂದು ನಿಂತಿತ್ತು. ಮಾನ ಇದ್ದವಳು ಬಸ್ಸು ಹತ್ತುತ್ತಿದ್ದಳು. ನಾನು ಗಂಡನಿಗೆ ಫೋನು ಮಾಡಿ, ಅನ್ನಕ್ಕೆ ಎಷ್ಟು ಸೀಟಿ ಕೂಗಿಸಬೇಕೆಂದು ಹೇಳಿದೆ.

ಮರುದಿನ ಬೆಳಿಗ್ಗೆ ನಾವಿಬ್ಬರೇ. ತಂದೆ ತಾಯಿ ಹಕ್ಕಿಗಳೆರಡೂ ಎದುರಿನ ಬಸರಿ ಮರದಲ್ಲಿ ಕೂತು ಕರೆಯುತ್ತಿದ್ದವು, ಹಣ್ಣು ಹಿಡಿದು ತೋರಿಸುತ್ತಿದ್ದವು, ಗೂಡಿನ ಹತ್ತಿರ ಮಾತ್ರ ಬರಲಿಲ್ಲ. ಒಳಗಿನಿಂದ ಮರಿ ಟಕ್ ಟಕ್ ಎಂದು ಕುಟ್ಟತೊಡಗಿತು. ನಾನು ಉಸಿರು ಬಿಗಿಹಿಡಿದು ಗೆಳತಿಯ ಕಡೆ ನೋಡಿದೆ. ಅವಳು ಫೋನು ತೆಗೆಯುತ್ತಿದ್ದಳು.

‘ಅಯ್ಯೋ, ಇದ್ನ ಅದಕ್ಕೆ ತೋರ್ಸವೇ! ಬ್ಯಾಂಕು ತೆಗೆಯೂಲೆ ಇನ್ನೂ ಹೊತ್ತಿದ್ದು. ವಿಡಿಯೋ ಕಾಲ್ ಮಾಡ್ತೆ.’

ಮರದ ಕೆಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ‘ಮರಿ ಇಷ್ಟು ಬೇಗ ಒಡೀತಿಲ್ಲೆ, ಈಗ ಬತ್ತೆ’ ಎಂದು ಫೋನು ಎತ್ತಿ ಹಿಡಿದುಕೊಂಡು ದಿಬ್ಬ ಹತ್ತಿ ರಸ್ತೆಯ ಕಡೆ ಹೋದಳು. ಪಕ್ಕದಲ್ಲಿ ಕೂತ ನಾನು ಅವಳ ಲೆಕ್ಕದಲ್ಲಿ ಇರಲೇ ಇಲ್ಲ. ಕಣ್ಣಲ್ಲಿ ನೀರು ಬಂತು, ದುರ್ಬೀನಿನ ಗಾಜು ಮಂಜಾಯಿತು, ಸೆರಗಿನಲ್ಲಿ ಒರೆಸಿಕೊಂಡು ಮತ್ತೆ ಎತ್ತಿದೆ.

ಆಗ ಪೊಟರೆಯ ಬಾಯಿಗೆ ಮೆತ್ತಿದ್ದರ ಒಂದು ಹೆಂಟೆ ಉದುರಿತು. ಮತ್ತೊಂದು ಉದುರಿತು. ಕೊಕ್ಕು, ತಲೆ, ಒಂದು ಭುಜ ಹೊರಬಂದು ಅಲ್ಲೇ ಸಿಕ್ಕಿಕೊಂಡಿತು. ಮರಿ ಸುಮ್ಮನಾಯಿತು. ಗೆಳತಿಯ ದನಿ ಮೇಲಿನಿಂದ ಕೇಳುತ್ತಿತ್ತು, ‘ಹಲೋ, ಕೇಳ್ತಾ?’ ಎಂದು. ಒಂದು ಸಲ ಕೂಗಿದ್ದರೆ ಓಡಿಬರುತ್ತಿದ್ದಳು, ಅಷ್ಟು ಹೊತ್ತಿತ್ತು. ಗೂಡಿನ ಹತ್ತಿರ ದನಿಯೆತ್ತಬಾರದು ಎನ್ನುವುದು ಗುಂಪಿನ ನಿಯಮ. ಆ ನಿಯಮವನ್ನು ನಾನು ಅಷ್ಟು ಶ್ರದ್ಧೆಯಿಂದ ಎಂದೂ ಪಾಲಿಸಿರಲಿಲ್ಲ.

ಮರಿ ಮತ್ತೊಮ್ಮೆ ಒದ್ದಾಡಿತು, ಇನ್ನೊಂದು ಭುಜವೂ ಬಂತು. ಪೊಟರೆಯ ಅಂಚಿನಲ್ಲಿ ಕೂತು, ಮುದುರಿದ ಬಾಲವನ್ನು ಎಳೆದುಕೊಂಡು, ಕೆಳಗೆ ನೋಡಿತು. ನನ್ನನ್ನು ನೋಡಿತೋ ಏನೋ. ಆಮೇಲೆ ಬಿದ್ದೇಹೋಯಿತು ಎನ್ನುವಷ್ಟರಲ್ಲಿ ರೆಕ್ಕೆ ಬಿಚ್ಚಿತು, ಓಲಾಡುತ್ತ ಹೋಗಿ ಬಸರಿಯ ಕೊಂಬೆಗೆ ಗುದ್ದಿಕೊಂಡೇ ಕೂತಿತು. ತಾಯಿ ಹಾರಿಬಂದ ರೆಕ್ಕೆಯ ಸದ್ದಿಗೆ ಕಾಡೇ ಉಸಿರು ಬಿಟ್ಟಂತಾಯಿತು. ಮೂರೂ ಸೇರಿ ಕಣಿವೆಯ ಕಡೆ ಹೋದವು.

ಗೆಳತಿ ಓಡುತ್ತ ಬಂದಳು. ಕೈಯಲ್ಲಿದ್ದ ಫೋನಿನಿಂದ ದನಿ ಬರುತ್ತಿತ್ತು, ‘ಏನೂ ಕಾಣವಲ್ದು ರೀ ಮೇಡಂ, ಬರೇ ಎಲಿ ಕಾಣಾಕತ್ತಾವ.’ ಗೆಳತಿ ಖಾಲಿ ಪೊಟರೆಯನ್ನು ನೋಡಿದಳು, ನನ್ನನ್ನು ನೋಡಿದಳು. ಫೋನು ಕತ್ತರಿಸಿದಳು.

‘ಹಾರಿಹೋತನೇ?’

‘ಹೋತು.’

ಅವಳ ಮುಖ ಸಣ್ಣಗಾಯಿತು. ತುಟಿ ಬಿಗಿದು, ನನ್ನ ದುರ್ಬೀನನ್ನೇ ನೋಡುತ್ತ ನಿಂತಳು. ಅದು ಹೊಟ್ಟೆಕಿಚ್ಚಿನ ಮುಖ. ನನಗೆ ಅದರ ಗುರುತು ಸಿಗದೇ ಇರುತ್ತದೆಯೇ? ಅಯ್ಯೋ ಪಾಪ ಎನ್ನಿಸಬೇಕಿತ್ತು. ಖುಷಿಯಾಯಿತು, ಬಹಳ ಖುಷಿಯಾಯಿತು.

ಸ್ಕೂಟರಿನಲ್ಲಿ ಘಟ್ಟ ಹತ್ತುವಾಗ ಅವಳು ಕೇಳಿದಳು, ‘ಒಂದ್ಸಲ ಕೂಗಲೆ ಆಗ್ತಿತ್ತಿಲ್ಯನೇ?’

‘ಗೂಡಿನ ಹತ್ರ ಕೂಗಲಾಗ ಅಲ್ದನೇ?’

 ಅವಳಿಗೆ ಅರ್ಥವಾಗಿತ್ತು, ಅರ್ಥವಾಗಿದ್ದು ನನಗೂ ಗೊತ್ತಾಯಿತು. ಎರಡು ತಿರುವು ದಾಟಿದ ಮೇಲೆ ಸ್ಕೂಟರಿನ ವೇಗ ತಗ್ಗಿಸಿ, ತಲೆಯನ್ನು ಅರ್ಧ ಹಿಂದಕ್ಕೆ ತಿರುಗಿಸಿ, ‘ಇರ್ಲಿ, ಹೇಳು. ಮೊದ್ಲು ಎಂತ ಹೊರಗೆ ಬಂತು?’ ಎಂದಳು. ಕೊಕ್ಕು ಎಂದೆ. ‘ಆಮೇಲೆ?’ ಎಂದಳು. ಫೋನು ಅವಳ ಚೀಲದಲ್ಲಿ ರಿಂಗಾಗುತ್ತಿತ್ತು, ಅವಳು ಎತ್ತಲಿಲ್ಲ. ನಾನು ಹೆಂಟೆ ಉದುರಿದ್ದನ್ನು ಒಂದೊಂದಾಗಿ ಹೇಳತೊಡಗಿದೆ. ಯಲ್ಲಾಪುರ ಬರುವವರೆಗೂ ಮರಿಯನ್ನು ಗೂಡಿನಿಂದ ಹೊರಗೆ ಬಿಡಲಿಲ್ಲ.