ಹತ್ತೊಂಬತ್ತು ಸೆಕೆಂಡಿನ ಅಧಿವೇಶನ

ಥರ್ಮನ್ ಬೀಸ್ಲಿ ಕೆಮ್ಮಿದರೆ ಅಮೆರಿಕದ ಗಣರಾಜ್ಯ ಎದ್ದು ಕೂರುತ್ತದೆ ಎಂಬುದು ಕ್ಯಾಪಿಟಲ್ ಎಂಬ ಸಂಸತ್ ಕಟ್ಟಡದ ನೆಲಮಾಳಿಗೆಯಲ್ಲಿ ದುಡಿಯುವ ನಾವೆಲ್ಲ ಒಪ್ಪಿದ ಪುರಾಣ. ಸೆನೆಟ್ ಸಭಾಂಗಣದ ಈ ಹಿರಿಯ ಗುಮಾಸ್ತ, ಪೀಠದ ಸುತ್ತಿಗೆ ಬೀಳುವ ಮುನ್ನ ಇಪ್ಪತ್ತಾರು ವರ್ಷ ತಪ್ಪದೆ ಒಮ್ಮೆ ಕೆಮ್ಮಿದ್ದಾನೆ. ಬಜೆಟ್ಟುಗಳು, ಮಹಾಭಿಯೋಗಗಳು ಆ ಕೆಮ್ಮಿಗಾಗಿ ಕೈಕಟ್ಟಿ ಕಾದಿವೆ.

ಆಗಸ್ಟ್ ರಜೆಯಲ್ಲಿ ನೂರು ಸೆನೆಟರುಗಳೂ ಊರು ಬಿಟ್ಟಾಗ ಅವನ ಮಹಿಮೆ ಇನ್ನೂ ಹೆಚ್ಚುತ್ತಿತ್ತು. ಸೆನೆಟ್ ದೀರ್ಘ ರಜೆಗೆ ಹೋದರೆ ರಾಷ್ಟ್ರಾಧ್ಯಕ್ಷರು ಅದರ ಒಪ್ಪಿಗೆ ಕೇಳದೆ ಬೇಕಾದವರನ್ನು ಕುರ್ಚಿಗೆ ಕೂರಿಸಬಹುದು. ಅದನ್ನು ತಡೆಯಲು ನಮ್ಮ ಮಹಾವೀರರು ಹೂಡಿದ ತಂತ್ರ ಇಷ್ಟೇ: ಭಾನುವಾರ ಬಿಟ್ಟು ಮೂರು ದಿನಕ್ಕೊಮ್ಮೆ ಒಬ್ಬ ಸೆನೆಟರ್ ಬಂದು, ಖಾಲಿ ಕುರ್ಚಿಗಳೆದುರು ಸುತ್ತಿಗೆ ಕುಟ್ಟಿ, ಇನ್ನೊಮ್ಮೆ ಕುಟ್ಟಿ ಹೋಗುವುದು. ಸಭೆ ನಡೆಯಿತು! ಸರ್ವಾಧಿಕಾರ ಗಡಗಡ ನಡುಗಿತು!

ಆ ವರ್ಷ ಥರ್ಮನ್‌ಗೆ ಇದು ತಮಾಷೆಯಾಗಿರಲಿಲ್ಲ. ಅವನ ಹೆಂಡತಿ ರೋಂಡಾ ಕಸಾಯಿಖಾನೆಗಳ ಮಾಂಸ ಪರೀಕ್ಷಿಸುವ ಸರ್ಕಾರಿ ಇನ್ಸ್‌ಪೆಕ್ಟರ್. ಅಧ್ಯಕ್ಷರು ಅವಳ ಇಲಾಖೆಯ ನೆತ್ತಿಯ ಮೇಲೆ ಕೂರಿಸಲು ಹೊರಟಿದ್ದು ಸ್ಟ್ರೋಬಲ್ ಎಂಬ ಕಸಾಯಿಖಾನೆ ಒಡೆಯನನ್ನು. ಕೊಳೆತ ಮಾಂಸ ಹಿಡಿದು ರೋಂಡಾ ಅವನ ಸಾಸೇಜ್ ಕಾರ್ಖಾನೆಗೆ ಎರಡು ಸಲ ಬೀಗ ಹಾಕಿಸಿದ್ದಳು.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಸುತ್ತಿಗೆ ಬೀಳಬೇಕು. ಒಂಬತ್ತಾದರೂ ಸರದಿಯ ಸೆನೆಟರ್ ಹ್ಯಾಡನ್ ಕ್ರೂ ಪತ್ತೆಯಿಲ್ಲ. ದಾಖಲೆ ಕೋಣೆಯವನಾದ ನಾನು ಥರ್ಮನ್‌ನನ್ನು ಕೂರಿಸಿಕೊಂಡು ಕಾರು ತೆಗೆದೆ. ನದಿಯ ದೋಣಿಕಟ್ಟೆಯಲ್ಲಿ, ಚಡ್ಡಿಯಲ್ಲಿ, ಗಾಳ ಹಿಡಿದು ಕೂತಿದ್ದರು ಸಂವಿಧಾನದ ಕಾವಲುಗಾರರು.

“ಸಾಹೇಬ್ರೇ, ಇವತ್ತು ನಿಮ್ಮ ಸರದಿ!” ಎಂದ ಥರ್ಮನ್.

“ಇವತ್ತಾ? ನನ್ನದು ಮಂಗಳವಾರ ಅಂದ್ಕೊಂಡಿದ್ದೆ. ಈಗಷ್ಟೇ ಮೀನು ಕಚ್ತಾ ಇದೆ ಕಣಯ್ಯಾ.”

“ನೀವು ಬರದಿದ್ರೆ ನನ್ನ ಹೆಂಡ್ತಿ ಕೆಲಸ ಹೋಗುತ್ತೆ.”

“ನಿನ್ನ ಹೆಂಡ್ತಿ ಕೆಲಸ ಬಿಡಪ್ಪಾ, ದೇಶದ ಬುಡಾನೇ ಅಲ್ಲಾಡುತ್ತೆ! ಎಲ್ಲಿ ನನ್ನ ಚಪ್ಪಲಿ?”

ಟೈ ಇಲ್ಲದೆ ಸಭಾಂಗಣ ಹೊಗುವಂತಿಲ್ಲ. ಥರ್ಮನ್ ತನ್ನ ಕೋಟು, ಟೈ ಬಿಚ್ಚಿ ಅವರಿಗೆ ತೊಡಿಸಿದ. ಚಡ್ಡಿಯ ಮಾನವನ್ನು ಪೀಠದ ಮೇಜು ಕಾಯಿತು. ಬಾಗಿಲಾಚೆಯಿಂದ ಥರ್ಮನ್‌ನ ಕೆಮ್ಮು. ಸೆನೆಟ್ಟಿನ ಸಂಪ್ರದಾಯದಂತೆ ಹಿಡಿಯೇ ಇಲ್ಲದ ಆ ಘನ ಸುತ್ತಿಗೆ ಬಿತ್ತು. ಹತ್ತೊಂಬತ್ತು ಸೆಕೆಂಡಿಗೆ ಮತ್ತೆ ಬಿತ್ತು.

“ಅಧಿಕಾರಕ್ಕೆ ಮೂಗುದಾರ ಅಂದ್ರೆ ಇದು!” ಎಂದು ಸೆನೆಟರ್ ಹೊರಬಂದು ಮೀನು ನಾರುವ ಕೈಯಿಂದ ಥರ್ಮನ್‌ನ ಬೆನ್ನು ತಟ್ಟಿದರು.

ಅಂದೇ ಮಧ್ಯಾಹ್ನ ಅಧ್ಯಕ್ಷರು ಸ್ಟ್ರೋಬಲ್‌ನನ್ನು ಹಂಗಾಮಿ ಮುಖ್ಯಸ್ಥನೆಂದು ಕೂರಿಸಿದರು. ಹಂಗಾಮಿಗೆ ಯಾರ ಒಪ್ಪಿಗೆಯೂ ಬೇಡವೆಂದು ಅವರ ವಕೀಲರು ಹೇಳಿದರು. ಸೋಮವಾರ ರೋಂಡಾಳ ಕೆಲಸ ಹೋಯಿತು. ಅರ್ಧದಷ್ಟು ಸೆನೆಟರುಗಳು ಕಡಲತೀರದಿಂದಲೇ ತೀವ್ರ ಕಳವಳ ವ್ಯಕ್ತಪಡಿಸಿದರು. ಇನ್ನರ್ಧಕ್ಕೆ ಅಷ್ಟು ಪುರುಸೊತ್ತೂ ಸಿಗಲಿಲ್ಲ. ಈ ನೇಮಕವನ್ನು ಪ್ರಶ್ನಿಸಿದ ಅರ್ಜಿಗೆ ನ್ಯಾಯಾಲಯ ಮುಂದಿನ ವಸಂತಕ್ಕೆ ವಿಚಾರಣೆಯ ದಿನ ಕೊಟ್ಟು ತಾನೂ ರಜೆಗೆ ಹೋಯಿತು.

ಮಂಗಳವಾರ ಮತ್ತೆ ಸುತ್ತಿಗೆ ಕುಟ್ಟಿ ಇಳಿದ ಕ್ರೂ, ಥರ್ಮನ್‌ನ ಹೆಗಲ ಮೇಲೆ ಕೈಯಿಟ್ಟರು.

“ಎದೆಗುಂದಬೇಡ. ಅವತ್ತು ನಾವಿಬ್ರೂ ಸೇರಿ ಈ ಗಣರಾಜ್ಯ ಉಳಿಸಿದ್ವಿ. ಇದನ್ನ ಚರಿತ್ರೆ ಮರೆಯಲ್ಲ. ನಿನ್ನ ಹೆಂಡ್ತಿಗೂ ಹೆಮ್ಮೆ ಆಗಿರುತ್ತೆ. ಏನಂದ್ರು ಅವರು?”

“ಇನ್ಮೇಲೆ ಮನೆಗೆ ಸಾಸೇಜ್ ತರಬೇಡ ಅಂದ್ಲು.”