ಪುಟ್ಟತಾಯಿಯ ಕತ್ತು

ಸೊಪ್ಪಿನ ಹೊರೆ ತಲೆಗೇರಿತೆಂದರೆ ಪುಟ್ಟತಾಯಿ ಅದನ್ನು ಕೈಯಲ್ಲಿ ಹಿಡಿಯುತ್ತಲೇ ಇರಲಿಲ್ಲ. ಕೈ ಬೀಸಿಕೊಂಡು, ಹೊರೆಯ ಸಮೇತ ಕತ್ತನ್ನು ಅತ್ತ ಇತ್ತ ತಿರುಗಿಸುತ್ತ, ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಬರುತ್ತಿದ್ದಳು. ಹಿಂದೆ ನಾನು, ಎರಡೂ ಕೈಯಲ್ಲಿ ಹೊರೆ ಹಿಡಿದು, ಅವಳ ಕತ್ತನ್ನೇ ನೋಡುತ್ತ. ನನ್ನ ಮೈದುನನ ಹೆಂಡತಿ ಅವಳು. ಮುಚ್ಚುಮರೆ ಯಾಕೆ, ಅವಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು.

ಆಗ ಕೋಡಿಹಳ್ಳಿ ಕಡೆಯೆಲ್ಲ ರೇಷ್ಮೆಯದೇ ಮಾತು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾಗಿದ್ದವು. ಒಂದೇ ಮನೆ, ಒಂದೇ ತೋಟದ ಸೊಪ್ಪು. ಆದರೂ ನನ್ನ ತಟ್ಟೆಯ ಹುಳು ಸುಣ್ಣಕಟ್ಟು ರೋಗ ಬಂದು ಬೆಳ್ಳಗೆ ಸೆಟೆದುಕೊಳ್ಳುತ್ತಿದ್ದವು, ಅವಳವು ಬಿದಿರು ತಟ್ಟಿಯ ಚಂದ್ರಿಕೆ ತುಂಬ ಗೂಡು ಕಟ್ಟುತ್ತಿದ್ದವು. "ಕೈಗುಣ ಕಣವ್ವ" ಅನ್ನುತ್ತಿದ್ದರು ಅತ್ತೆ, ನನ್ನ ಮುಖ ನೋಡಿಕೊಂಡೇ. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆಯೆತ್ತಿ ಅಲ್ಲಾಡದೆ ನಿಲ್ಲುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತೇವೆ. ಆಗ ನಾನು ತಟ್ಟೆ ಸರಿಸಿದರೆ ಸಾಕು, ಪುಟ್ಟತಾಯಿ ಓಡಿ ಬರುತ್ತಿದ್ದಳು: "ಜ್ವರಕ್ಕೆ ಕೂತಿರೋ ಹುಳಾನ ಕೆಣಕ್ಬ್ಯಾಡ ಕಣಕ್ಕ! ಅದರ ಪಾಡಿಗೆ ಬುಟ್ಬುಡು." ನನಗೇ ಪಾಠ! ಒಂದು ಸಲ ಬೀಳಬಾರದೇ ಇವಳು, ಅಂದುಕೊಳ್ಳುತ್ತಿದ್ದೆ.

ಬಿದ್ದಳು. ಕಾಲುವೆ ದಾಟುವಾಗ ಕಾಲು ಜಾರಿ, ಹೊರೆಯ ಸಮೇತ ತಲೆಕೆಳಗಾಗಿ. ಬೆಂಗಳೂರಿನ ಆಸ್ಪತ್ರೆಯಲ್ಲಿ ಅವಳ ಪಕ್ಕ ನಾನೊಬ್ಬಳೇ. ಗೂಡು ಮಾರುವುದು ತಡವಾದರೆ ಚಿಟ್ಟೆ ಹೊರಬರುತ್ತದೆಂದು ಮೈದುನ ರಾಮನಗರದ ಮಾರ್ಕೆಟ್ಟಿಗೆ ಓಡಿದ್ದ.

"ಕತ್ತಿನ ಮೊದಲನೇ ಮೂಳೆ ಒಡೆದಿದೆ. ಈವತ್ತೇ ತೀರ್ಮಾನ ಮಾಡ್ಬೇಕು" ಅಂದರು ಡಾಕ್ಟರು. ತಲೆಬುರುಡೆಗೆ ಕಬ್ಬಿಣದ ಇಕ್ಕಳ ಸಿಕ್ಕಿಸಿ, ತೂಕ ಕಟ್ಟಿ, ಮೂರು ತಿಂಗಳು ಅಲ್ಲಾಡದಂತೆ ಮಲಗಿಸಬಹುದು. ಕೂಡಿಕೊಂಡರೆ ಕತ್ತು ಮೊದಲಿನ ಹಾಗೆ ತಿರುಗುತ್ತದೆ. ಕೂಡದಿದ್ದರೆ ಜೀವಕ್ಕೇ ಅಪಾಯ. ಇಲ್ಲವೇ ಆಪರೇಷನ್. ಸೊಂಟದಿಂದ ಮೂಳೆಚೂರು ತೆಗೆದು ಕತ್ತಿನಲ್ಲಿಟ್ಟು, ಮೇಲಿನ ಎರಡು ಮೂಳೆಗಳನ್ನು ತಂತಿಯಲ್ಲಿ ಬಿಗಿಯುವುದು. ಅದು ಭದ್ರ. ಆದರೆ ಕತ್ತು ಅರ್ಧಕ್ಕರ್ಧ ತಿರುಗುವುದಿಲ್ಲ, ತಲೆಯ ಮೇಲೆ ಹೊರೆ ಹೊರುವ ಹಾಗಿಲ್ಲ.

ಪುಟ್ಟತಾಯಿ ಸೂರು ನೋಡುತ್ತಲೇ ಅಂದಳು: "ನಮ್ಮಕ್ಕ ಹೇಳ್ದಂಗೆ ಮಾಡಿ ಸಾರ್."

"ಆಪರೇಷನ್ ಮಾಡಿ" ಅಂದುಬಿಟ್ಟೆ. ಇವಳು ಮೂರು ತಿಂಗಳು ಅಲ್ಲಾಡದೆ ಮಲಗುವ ಪೈಕಿಯೇ? ಅದೂ ನಿಜ. ಆದರೆ ಹೊರೆ ಹೊರುವ ಹಾಗಿಲ್ಲ ಅನ್ನುವ ಮಾತು ಕಿವಿಗೆ ಬೆಲ್ಲದಂತೆ ಬಿದ್ದಿತ್ತು. ಅದೂ ನಿಜ.

ಬದುಕಿದಳು. ಯಾರಾದರೂ ಕರೆದರೆ ಇಡೀ ಮೈ ತಿರುಗಿಸಿ ನೋಡುತ್ತಿದ್ದಳು. ಹೊರೆಯೆಲ್ಲ ನನ್ನ ತಲೆಗೆ ಬಂತು, ಅವಳು ಹುಳುಮನೆಯಲ್ಲೇ ಕೂತಳು. ಗೂಡು ಇನ್ನೂ ಚೆನ್ನಾಗಿ ಬಂತು! ನನ್ನ ಕರ್ಮ.

ಎಷ್ಟೋ ವರ್ಷದ ಮೇಲೆ ಅವಳು ಬೇರೇನೋ ಕಾಯಿಲೆಯಿಂದ ಹಾಸಿಗೆ ಹಿಡಿದಾಗ ತಡೆಯಲಾರದೆ ಹೇಳಿಬಿಟ್ಟೆ: "ಅವತ್ತು ನಾನು ಹೊಟ್ಟೆಕಿಚ್ಚಿಗೆ ಹಂಗಂದೆ ಕಣೆ."

ಇಡೀ ಮೈಯನ್ನು ಕಷ್ಟಪಟ್ಟು ನನ್ನ ಕಡೆ ಹೊರಳಿಸಿದಳು. "ನಿನ್ನ ಹೊಟ್ಟೆಕಿಚ್ಚು ಊರಿಗೇ ಗೊತ್ತು ಕಣಕ್ಕ. ಅದಕ್ಕೇ ಅವತ್ತು ತೀರ್ಮಾನ ನಿಂಗೇ ಬುಟ್ಟೆ. ನಾನು ಬದುಕಿದ್ರೆ ತಾನೆ ನೀನು ಕರುಬಕ್ಕಾಗೋದು? ನನ್ನ ಸಾಯಕ್ಕೆ ಬುಡ್ತೀಯಾ ನೀನು?"

ಅದೇ ವಾರ ಹೋದಳು. ಹೆಣದ ಮುಂದೆ ಕೂತವರೆಲ್ಲ, "ಎಂಥ ಕೈಗುಣ ತಾಯಿ!" ಅಂದರು. ಹಾಳಾದ್ದು, ಬಿಕ್ಕಿ ಬಿಕ್ಕಿ ಅಳುತ್ತಿದ್ದರೂ ನನಗೆ ಹೊಟ್ಟೆ ಉರಿಯಿತು.